ಸಗಣಿ ಹುಳುವಿನ ಪಾಠ

ಸುಳ್ಳು ಅನ್ನುವವರು ಎದುರಿಗೆ ಬಂದು ಅನ್ನಲಿ, ನಮ್ಮೂರ ತೋಟದಲ್ಲಿ ಮರಿಗಳ ಬೇಸಿಗೆ ಶಿಬಿರಕ್ಕೆ ಮೇಷ್ಟ್ರಾಗಿ ಬಂದದ್ದು ಒಂದು ಸಗಣಿ ಹುಳು!

ಶಿಬಿರ ನಡೆಸುವ ಎಮ್ಮೆ ಮೊದಲೇ ಹೇಳಿತ್ತು: "ಮಧ್ಯಾಹ್ನದೊಳಗೆ ಮರಿಗಳು ಎದ್ದು ಹೋದರೆ ಈ ಕೆಲಸ ಗಿಳಿಗೆ." ಗಿಳಿ ಬೇಲಿಯ ಮೇಲೆ ಕಾದು ಕೂತಿತ್ತು.

ಹುಳು ತನ್ನ ಸಗಣಿ ಉಂಡೆಯ ಮೇಲೇರಿ ಶುರುಮಾಡಿತು. "ಮಕ್ಕಳೇ, ಈ ನೆಲ ಹಸಿರಾಗಿದ್ದರೆ ಅದು ನನ್ನಿಂದ! ನನ್ನಷ್ಟು ಗಟ್ಟಿಗ ಈ ಸೀಮೆಯಲ್ಲೇ ಇಲ್ಲ!"

ಕರು ಆಕಳಿಸಿತು. ಕೋಳಿಮರಿ ಮೆಲ್ಲಗೆ ಕೇಳಿತು, "ಎಮ್ಮೆಯಕ್ಕಾ, ಮೇಷ್ಟ್ರನ್ನ ತಿನ್ನಬಹುದಾ?"

ಗಿಳಿ ಕಿಸಕ್ಕನೆ ನಕ್ಕಿತು. ರೋಷಗೊಂಡ ಹುಳು ಕಾಲು ಅಪ್ಪಳಿಸಿದ್ದೇ ತಡ, ಉಂಡೆ ಇಳಿಜಾರಿನಲ್ಲಿ ಉರುಳತೊಡಗಿತು.

"ಅಯ್ಯೋ, ನನ್ನ ಉಂಡೆ! ಹಿಡೀರ್ರೋ!" ಹುಳು ಭಾಷಣ ಮರೆತು ಓಡಿತು. ಮರಿಗಳೆಲ್ಲ ಹೋ ಎಂದು ಹಿಂದೆ ಬಿದ್ದವು. ಕರು ಮೂತಿಯೊಡ್ಡಿ ತಡೆಯಿತು, ಮೇಕೆಮರಿ ತಲೆಕೊಟ್ಟು ನೂಕಿತು. ಹುಳು ಹೇಳಿದಂತೆ ಉಂಡೆಯನ್ನು ಹೂಳಲೆಂದು ಕೋಳಿಮರಿ ನೆಲ ಕೆದರಿತು.

"ಮೇಷ್ಟ್ರೇ, ಅಲ್ಲೆಲ್ಲ ಕಲ್ಲಿನಂಥ ನೆಲ, ಇಲ್ಲಿ ಮಾತ್ರ ಮಣ್ಣು ಮೆತ್ತಗಿದೆ. ಯಾಕೆ?"

"ಹೋದ ವರ್ಷ ಇಲ್ಲೂ ಒಂದು ಉಂಡೆ ಹೂತಿದ್ದೆ."

"ಹೌದಾ! ಹಾಗಾದರೆ ಇನ್ನೊಂದು ಹೂಳೋಣ!"

ಹೊತ್ತು ಇಳಿದರೂ ಒಂದು ಮರಿಯೂ ಕದಲಲಿಲ್ಲ. ತೋಟದಲ್ಲಿದ್ದ ಸಗಣಿಯೆಲ್ಲ ಮಣ್ಣು ಸೇರಿತು. ಗಿಳಿ ಸದ್ದಿಲ್ಲದೆ ಹಾರಿಹೋಯಿತು.

ಸಂಜೆ ಎಮ್ಮೆ ತನ್ನ ಬಳಿಗೆ ಬಂದಾಗ ಹುಳು ಎದೆಯುಬ್ಬಿಸಿ ನಿಂತಿತು. "ಏನಕ್ಕಾ, ಹಾರ ಹಾಕೋಕೆ ಬಂದೆಯಾ?"

"ನಾಳೆಯ ಪಾಠಕ್ಕೆ ಸಾಮಾನು ಬೇಡವೇನೋ?" ಎಂದು ಎಮ್ಮೆ ಬೆನ್ನು ತಿರುಗಿಸಿ ಬಾಲ ಎತ್ತಿತು.

ಹುಳುವಿಗೆ ಸಿಕ್ಕಿದ್ದು ಒಂದು ಬುಟ್ಟಿ ಬಿಸಿ ಸಗಣಿ.