ಒಂದು ಟಕ್ಕಿಗೆ ಎರಡು ಟಕ್

ಹತ್ತಿರ ಬಾ, ಮೆಲ್ಲಗೆ ಹೇಳ್ತೀನಿ. ಇದು ಹುಂಜನ ಕಿವಿಗೆ ಬಿದ್ದರೆ ನಿನ್ನ ಪುಕ್ಕ ಕಿತ್ತೇನು! ಪಕ್ಕದ ಬುಟ್ಟಿಯಲ್ಲಿ ಕಾವಿಗೆ ಕೂತ ಚುಕ್ಕಿ ಕೋಳಿ ಇದ್ದಾಳಲ್ಲ, ಅವಳು ಹೊಟ್ಟೆಯಡಿ ಯಾರನ್ನೋ ಬಚ್ಚಿಟ್ಟುಕೊಂಡು ಗುಟ್ಟು ಮಾತಾಡ್ತಿದ್ದಳು. ಇವಳು ಕೊಕ್ಕಿನಿಂದ 'ಟಕ್' ಅಂದರೆ, ಕೆಳಗಿನಿಂದ 'ಟಕ್ ಟಕ್'! ಮರ್ಯಾದಸ್ಥರ ಗೂಡಲ್ಲಿ ಇದೆಂಥ ಸಂಕೇತ? ನಿನ್ನೆಯೆಲ್ಲ ಇಡೀ ಹಿತ್ತಲಿಗೇ ಕೂಗಿ ಸಾರಿದೆ. ಇವತ್ತು ಬಾತುಗಳನ್ನು ಕಟ್ಟಿಕೊಂಡು ಹೋಗಿ ಕೇಳಿಯೇಬಿಟ್ಟೆ: "ಯಾರೇ ಅದು, ಚುಕ್ಕಿ?"

"ಮೊಟ್ಟೆಯೊಳಗಿನ ಮಕ್ಕಳು, ಅಕ್ಕಾ. ಒಂದು ಟಕ್ ಅಂದರೆ 'ಇದ್ದೀಯಾ?', ಎರಡು ಅಂದರೆ 'ಇದ್ದೀನಮ್ಮಾ'. ಬೆಕ್ಕಿಗೆ ಗೊತ್ತಾಗಬಾರದು ಅಂತ ಹೀಗೆ ಕಲಿಸಿದೆ. ಏಳು ಮಕ್ಕಳು ಉತ್ತರ ಕೊಟ್ಟವು. ಎಂಟನೆಯದು ಮಾತ್ರ ನಿನ್ನೆಯಿಂದ ಸುಮ್ಮನಿದೆ."

"ಅಯ್ಯೋ, ಕೊಳೆತಿರಬೇಕು ಬಿಡು! ನಮ್ಮ ದೊಡ್ಡಮ್ಮನ ಮೊಟ್ಟೆಯೂ ಹೀಗೇ ಆಗಿತ್ತು. ಆಗ ಅವಳ ಓರಗಿತ್ತಿ ಏನಂದಳು ಗೊತ್ತಾ..." ಅಂತ ನಾನು ಶುರುಮಾಡಿದೆ. ಬಾತುಗಳು ಕತ್ತು ಚಾಚಿದವು.

ಚುಕ್ಕಿ ಆ ಮೊಟ್ಟೆಯನ್ನು ಇನ್ನೊಮ್ಮೆ ತಟ್ಟಿದಳು, ಕಿವಿಗೊಟ್ಟಳು, ಆಮೇಲೆ ನನ್ನ ಮುಖಕ್ಕೇ ಹೇಳಿದಳು: "ಅಕ್ಕಾ, ಒಂದು ಗಳಿಗೆ ಬಾಯಿ ಮುಚ್ಚು. ಕೂಸು ನಿನ್ನೆಯಿಂದ 'ಇದ್ದೀನಿ, ಇದ್ದೀನಿ' ಅಂತಲೇ ಇದೆ. ನಿನ್ನ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ."