ಹತ್ತದ ದೀಪ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತು, ಅಂದು ತಮ್ಮಿಂದಾದ ಒಂದು ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಅವರು ಕಸ ಒಪ್ಪಿಸುವುದು ಎನ್ನುತ್ತಿದ್ದರು.

ಹೇಳಿದವನನ್ನು ಯಾರೂ ಬೈಯುವಂತಿಲ್ಲ, ಸಮಾಧಾನ ಮಾಡುವಂತಿಲ್ಲ, ಮರುದಿನ ಎತ್ತಿ ಆಡುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಗುರುಗಳೂ ತಮ್ಮದನ್ನು ಒಪ್ಪಿಸುತ್ತಿದ್ದರು. ಒಮ್ಮೆ ಅವರು, ಬೆಳಿಗ್ಗೆ ಮುಸುಕೆಳೆದು ಮಲಗಿಬಿಟ್ಟೆ, ಆಕಳಿಗೆ ಮೇವು ತಡವಾಯಿತು ಎಂದಾಗ ಹೊಸದಾಗಿ ಬಂದಿದ್ದ ಒಬ್ಬ ನಕ್ಕುಬಿಟ್ಟಿದ್ದ. ಮರುದಿನ ಆ ನಗುವೇ ಅವನ ಕಸವಾಯಿತು.

ಗುರುಗಳ ಹೆಸರು ಮರುಳಯ್ಯ. ಎಲ್ಲರ ಬಾಯಲ್ಲೂ ಅಜ್ಜ. ಅವರ ಹಿರಿಯ ಶಿಷ್ಯ ರೇವಣ.

ರೇವಣ ಚಿಕ್ಕಂದಿನಿಂದ ಅಲ್ಲೇ ಬೆಳೆದವನು. ಓದಿನಲ್ಲಾಗಲಿ, ಧ್ಯಾನದಲ್ಲಾಗಲಿ, ಅಂಗಳ ಗುಡಿಸುವುದರಲ್ಲಾಗಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ. ಬಹಳ ದಿನಗಳಿಂದ ತನ್ನ ಸರದಿ ಬಂದಾಗ ಅವನು ಕಣ್ಣು ಮುಚ್ಚಿ, ಒಳಗೆಲ್ಲ ಹುಡುಕಿ ನೋಡಿ, ಒಂದೇ ಮಾತು ಹೇಳುತ್ತಿದ್ದ.

“ಇವತ್ತ ನಂದೇನೂ ಇಲ್ರಿ, ಅಜ್ಜಾರ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಡುಕಿದರೆ ನಿಜಕ್ಕೂ ಏನೂ ಸಿಗುತ್ತಿರಲಿಲ್ಲ.

ಅಜ್ಜ ತಲೆಯಾಡಿಸಿ ಮುಂದಿನವನ ಕಡೆ ನೋಡುತ್ತಿದ್ದರು.

ಆಶ್ರಮದ ಅಡುಗೆ ಮೊದಲಿಂದ ಗಂಗವ್ವನದು. ಹಸಿ ಕಟ್ಟಿಗೆಯ ಒಲೆ ಊದಿ ಊದಿ ಅವಳ ಎದೆ ಹಾಳಾಗಿತ್ತು. ಈಗ ಅವಳಿಂದ ಸೌಟು ಎತ್ತುವುದೂ ಆಗುತ್ತಿರಲಿಲ್ಲ. ವಾರಕ್ಕೊಮ್ಮೆ ಪಟ್ಟಣದ ದವಾಖಾನೆಗೆ ಕರೆದುಕೊಂಡು ಹೋಗಬೇಕು. ಹೊಗೆ ತಾಗಬಾರದು, ಇನ್ನೊಮ್ಮೆ ಉಸಿರು ಕಟ್ಟಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ರೇವಣನಿಗೆ ಕೈತುತ್ತು ಹಾಕಿ ಬೆಳೆಸಿದವಳು ಅವಳೇ. ಆದರೆ ಬೆಳಗಿನ ಧ್ಯಾನದ ಹೊತ್ತಿಗೆ ಸರಿಯಾಗಿ ಅವಳ ಕೆಮ್ಮು ಶುರುವಾಗುತ್ತಿತ್ತು. ಅದಕ್ಕೆ ಅವನು ಅವಳು ಮಲಗುವ ಹೊರಸನ್ನು ಧ್ಯಾನದ ಕೋಣೆಯ ಮಗ್ಗುಲಿಂದ ಎತ್ತಿಸಿ, ಹಿಂದೆ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಸಾಗಿಸಿದ್ದ. “ಅಲ್ಲಿ ಬಿಸಿಲು ಚಲೋ ಬೀಳತೈತಿ, ಎವ್ವಾ,” ಎಂದಿದ್ದ. ಅವಳು ಹೂಂ ಎಂದಿದ್ದಳು. ಅಂದು ಸಂಜೆಯೂ ಅವನ ಬಳಿ ಒಪ್ಪಿಸಲು ಏನೂ ಇರಲಿಲ್ಲ.

ಆಶ್ರಮಕ್ಕೆ ಹಿಂದೆ ಒಂದು ಡೀಸೆಲ್ ಗಾಡಿಯಿತ್ತು. ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಇದ್ದ ಗಾಡಿ. ಊರೊಳಗಿನ ಸಣ್ಣ ಓಡಾಟದಲ್ಲಿ ಆ ಫಿಲ್ಟರ್ ಕಟ್ಟಿಕೊಂಡರೆ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತುತ್ತಿತ್ತು. ಪೂರ್ವಾಶ್ರಮದಲ್ಲಿ ಲಾರಿ ಓಡಿಸಿದ್ದ ಅಜ್ಜ ಆಗ ತಾವೇ ಸ್ಟೀರಿಂಗ್ ಹಿಡಿದು, ರೇವಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೊರಡುತ್ತಿದ್ದರು. ಎಂಜಿನ್ ಚೆನ್ನಾಗಿ ಕಾದು, ಒಳಗಿನ ಮಸಿ ಸುಟ್ಟು, ದೀಪ ಆರುವ ತನಕ ಗಾಡಿ ತಿರುಗಿಸುತ್ತಿರಲಿಲ್ಲ. ಓದು ಬಿಟ್ಟು ಸುಮ್ಮನೆ ಅಲೆಯುವುದು ರೇವಣನಿಗೆ ಹಿಡಿಸುತ್ತಿರಲಿಲ್ಲ.

ಹೋದ ಮಳೆಗಾಲ ಹೊಳೆ ಅಂಗಳಕ್ಕೇ ಬಂದಾಗ ಆ ಗಾಡಿ ಮುಳುಗಿ ಕೆಟ್ಟಿತು. ಗಂಗವ್ವ ಬಸ್ಸಿನ ನೂಕುನುಗ್ಗಲಲ್ಲಿ ದವಾಖಾನೆಗೆ ಹೋಗಿಬರತೊಡಗಿದಳು. ಅದನ್ನು ನೋಡಲಾಗದೆ ಭಕ್ತರೊಬ್ಬರು ಹಳೆಯ ಗಾಡಿಯೊಂದನ್ನು ಕೊಡಿಸುವುದಾಗಿ ಮುಂದೆ ಬಂದರು. ಗಾಡಿ ಆರಿಸುವ ಕೆಲಸ ಆಶ್ರಮದ್ದು.

“ನೀನ ನೋಡಿ ಬಾ, ರೇವಣ,” ಎಂದರು ಅಜ್ಜ. “ಗಂಗವ್ವ ಕೂಡೋ ಗಾಡಿ ಅನ್ನೋದು ನೆನಪಿರಲಿ.”

ರೇವಣ ಪಟ್ಟಣಕ್ಕೆ ಹೋಗಿ ಸಂಜೆಯೊಳಗೆ ಹಿಂದಿರುಗಿದ. ಮುಖ ಅರಳಿತ್ತು.

“ಸಿಕ್ತ್ರಿ, ಅಜ್ಜಾರ. ಡೀಸೆಲ್ ಗಾಡಿ, ಫಿಲ್ಟರ್ ಇದ್ದದ್ದು. ಬಣ್ಣ ಸೈತ ಮಾಸಿಲ್ಲ. ಹೆದ್ದಾರಿ ತನಕ ಓಡಿಸಿ ಬಂದೆ. ಆ ಹಳದಿ ದೀಪ ಒಮ್ಮೆನೂ ಹತ್ತಲಿಲ್ಲ.”

“ಕೀಲಿ ತಿರುವಿದ ಕೂಡಲೇ?”

“ಆಗೂ ಹತ್ತಲಿಲ್ರಿ. ಅಷ್ಟು ಚಲೋ ಐತಿ.”

ಅಜ್ಜ ಅವನ ಕಡೆ ತಿರುಗಿ ಕೂತರು.

“ನಮ್ಮ ಹಳೇ ಗಾಡ್ಯಾಗ ಕೀಲಿ ತಿರುವಿದರ ಏನಾಗತಿತ್ತು?”

ರೇವಣ ನೆನಪು ಮಾಡಿಕೊಳ್ಳಲು ನೋಡಿದ. ಎಷ್ಟು ಸಲ ಆ ಗಾಡಿಯಲ್ಲಿ ಕೂತಿದ್ದರೂ ಅವನ ಗಮನವೆಲ್ಲ ತನ್ನ ಉಸಿರಿನ ಮೇಲೇ ಇರುತ್ತಿತ್ತು.

“ನೆನಪಿಲ್ರಿ.”

“ದೀಪ ಎಲ್ಲಾ ಒಮ್ಮೆ ಹತ್ತಿ ಆರತಿದ್ದುವು. ಮಸಿ ತೋರಿಸೋ ಹಳದಿ ದೀಪ ಸೈತ. ನಾ ಎಚ್ಚರ ಇದ್ದೀನಿ ಅಂತ ಹೇಳಿ ಸುಮ್ಮನಾಗತಿತ್ತು.” ಅಜ್ಜ ಎದ್ದರು. “ಆ ಗಾಡಿ ಇಲ್ಲಿಗೇ ತರಿಸು.”

ಮರುದಿನ ಗಾಡಿ ಬಂತು. ತಂದವನು ಮಲ್ಲನಗೌಡ, ಹಳೆಯ ಗಾಡಿಗಳ ದಲ್ಲಾಳಿ, ಮಾತಿನ ಮಲ್ಲ. ಬಂದವರ ಗಾಡಿಗಳು ನಿಲ್ಲುವುದು ಕೊಟ್ಟಿಗೆಯ ಪಕ್ಕದಲ್ಲೇ, ಆದ್ದರಿಂದ ಇದೂ ಅಲ್ಲೇ ನಿಂತಿತು. ಗಂಗವ್ವನ ಕಿಟಕಿಯ ಕಡೆಗೆ ಬೆನ್ನು ಮಾಡಿ.

ಅಜ್ಜ ಗಾಡಿಯ ಹತ್ತಿರವೂ ಹೋಗದೆ ಗೌಡನಿಗೆ ಚಹಾ ಕೊಡಿಸಿದರು. ಮಳೆ ಬೆಳೆ ವಿಚಾರಿಸಿದರು. ಅವನ ಮಗಳ ಮದುವೆಯ ಮಾತು ಪೂರ್ತಿ ಕೇಳಿದರು. ಎಲ್ಲ ಮುಗಿದ ಮೇಲೆ ರೇವಣನಿಗೆ ಹೇಳಿದರು.

“ಸೈಲೆನ್ಸರ್ ಮುಟ್ಟಿ ನೋಡು. ತಣ್ಣಗಾಗೈತೇನು?”

“ಆಗೇತ್ರಿ.”

ಅಜ್ಜ ಹೆಗಲ ಮೇಲಿನ ಬಿಳಿ ವಸ್ತ್ರವನ್ನು ತೆಗೆದು ಅವನ ಕೈಗಿಟ್ಟರು. ಮಡಿ ಮಾಡಿದ ವಸ್ತ್ರ, ದಿನಾ ರೇವಣನೇ ಹೊಳೆಯಲ್ಲಿ ಒಗೆದು ಒಣಗಿಸುತ್ತಿದ್ದದ್ದು.

“ಬೆರಳಿಗೆ ಸುತ್ತಿಕೊಂಡು ಒಳಗ ಒರಸು.”

“ಈ ವಸ್ತ್ರದಿಂದೇನ್ರಿ? ಬ್ಯಾರೆ ಅರಿವಿ ತರತೀನ್ರಿ.”

“ಫಿಲ್ಟರ್ ತನ್ನ ಕೆಲಸ ಮಾಡತಿದ್ದರ ಇದು ಮಾಸೂದಿಲ್ಲ.”

ರೇವಣ ಬಗ್ಗಿ ಒರೆಸಿದ. ಬೆರಳು ಹೊರಗೆ ಬಂದಾಗ ವಸ್ತ್ರದ ತುದಿ ಕಾಡಿಗೆ ಹಚ್ಚಿದಂತೆ ಕಪ್ಪಾಗಿತ್ತು.

ಅವನು ಗಾಡಿಯ ಕೆಳಗೆ ನುಗ್ಗಿದ. ಎಂಜಿನ್ನಿನ ಹಿಂದೆ ಫಿಲ್ಟರಿನ ಡಬ್ಬಿ ತನ್ನ ಜಾಗದಲ್ಲೇ ಇತ್ತು. ಒಂದು ಕ್ಷಣ ಅವನಿಗೆ ಜೀವ ಬಂದಂತಾಯಿತು. ಆಮೇಲೆ ಆ ಡಬ್ಬಿಯ ಸುತ್ತ ಉಬ್ಬು ತಗ್ಗಾದ ವೆಲ್ಡಿಂಗಿನ ಗೆರೆ ಕಂಡಿತು. ಡಬ್ಬಿಯನ್ನು ಕೊಯ್ದು, ಒಳಗಿನದನ್ನೆಲ್ಲ ಕಿತ್ತು, ಮತ್ತೆ ಬಾಯಿ ಮುಚ್ಚಿದ್ದರು.

ಮಲ್ಲನಗೌಡ ಗಾಬರಿಯಾಗಲಿಲ್ಲ. ಇಂಥದ್ದನ್ನು ಅವನು ಬೇಕಾದಷ್ಟು ನೋಡಿದ್ದ.

“ಮೊದಲಿನ ಮಾಲಕರು ತೆಗೆಸ್ಯಾರ್ರಿ, ಅಜ್ಜಾರ. ಅದು ಇದ್ದಾಗ ಬರೇ ಕಿರಿಕಿರಿ. ದೀಪ ಹತ್ತೂದು, ಗ್ಯಾರೇಜಿಗೆ ಓಡೂದು. ಒಳಗಿಂದು ತೆಗೆಸಿ, ಕಂಪ್ಯೂಟರಿನ್ಯಾಗ ಆ ದೀಪಾನೂ ಬಂದ್ ಮಾಡಿಸ್ಯಾರ. ಈಗ ನೋಡ್ರಿ, ಗಾಡಿ ಎಷ್ಟು ಶಾಂತ ಐತಿ.”

“ಮಸಿ ಎಲ್ಲಿ ಹೋಗತೈತಿ?” ಅಜ್ಜ ಕೇಳಿದರು.

“ಗಾಳ್ಯಾಗ ಹೋಗತೈತ್ರಿ. ಒಳಗ ಕುಂತವರಿಗೇನು ಗೊತ್ತಾಗತೈತಿ? ತಡೀರಿ, ತೋರಸ್ತೀನಿ.”

ಬೇಡ ಎನ್ನುವಷ್ಟರಲ್ಲಿ ಅವನು ಒಳಗೆ ಕೂತು ಗಾಡಿ ಚಾಲೂ ಮಾಡಿ ಎಕ್ಸಲರೇಟರ್ ಜೋರಾಗಿ ಒತ್ತಿದ. ಎಂಜಿನ್ ನಿಜಕ್ಕೂ ನುಣುಪಾಗಿ ಓಡಿತು. ಸೈಲೆನ್ಸರಿನಿಂದ ಕಪ್ಪು ಹೊಗೆಯ ಒಂದು ಸುರುಳಿ ಹೊರಟು ಗೋಡೆಗೆ ತಾಗಿ ಕರಗಿತು. ಕಿಟಕಿಯೊಳಗಿಂದ ಕೆಮ್ಮು ಕೇಳಿಸಿತು.

ಅದು ನಿಲ್ಲಲಿಲ್ಲ. ಕೆಮ್ಮು ಹೋಗಿ ಬರೀ ಉಸಿರೆಳೆಯುವ ಶಬ್ದವಾಯಿತು. ಅಜ್ಜ ಆ ವಯಸ್ಸಿನಲ್ಲೂ ಓಡಿಹೋಗಿ, ಗಾಡಿಯ ಕಿಟಕಿಯಲ್ಲಿ ಕೈ ತೂರಿ ಕೀಲಿ ತಿರುವಿದರು.

ಗೌಡನ ಮುಖ ಸಣ್ಣದಾಯಿತು. “ಒಳಗ ಮಂದಿ ಅದಾರಂತ ಗೊತ್ತಿರಲಿಲ್ರಿ,” ಎಂದ.

ಅಷ್ಟರಲ್ಲಿ ಅಜ್ಜ ಗಂಗವ್ವನ ಬಳಿ ಹೋಗಿದ್ದರು, ಅವಳ ಉಸಿರು ಹಿಡಿತಕ್ಕೆ ಬರುವ ತನಕ ಅಲ್ಲಿಂದ ಏಳಲಿಲ್ಲ. ರೇವಣ ಮಾತ್ರ ನಿಂತಲ್ಲೇ ನಿಂತಿದ್ದ. ಒಳಗೆ ಯಾರಿದ್ದಾರೆಂದು ಅವನಿಗೆ ಗೊತ್ತಿತ್ತು. ಗಾಡಿಗಳು ಅಲ್ಲೇ ನಿಲ್ಲುತ್ತವೆ ಎಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದೇ ಅವಳ ಹೊರಸನ್ನು ಅಲ್ಲಿ ಹಾಕಿಸಿದ್ದ.

ಅಜ್ಜ ಗಾಡಿಯನ್ನು ರಸ್ತೆಯ ತನಕ ತಳ್ಳಿಸಿ, ಅಲ್ಲಿಂದ ಚಾಲೂ ಮಾಡಿಕೊಂಡು ಹೋಗಲು ಗೌಡನಿಗೆ ಹೇಳಿದರು. ಅವನು ಹೋದ ಮೇಲೆ ರೇವಣ ಕೇಳಿದ.

“ಹೊರಗಿಂದ ನೋಡಿದರ ಎರಡೂ ಒಂದ ಕಾಣತಾವ್ರಿ. ಮಸಿ ಸುಟ್ಟು ಸ್ವಚ್ಛ ಆದ ಗಾಡ್ಯಾಗೂ ದೀಪ ಇಲ್ಲ, ಒಳಗ ಏನೂ ಇಲ್ಲದ ಗಾಡ್ಯಾಗೂ ದೀಪ ಇಲ್ಲ. ಹ್ಯಾಂಗ ಗುರುತು ಹಿಡೀಬೇಕು?”

“ಹತ್ತಬೇಕು. ಆಮ್ಯಾಲ ಆರಬೇಕು,” ಎಂದರು ಅಜ್ಜ. “ವಸ್ತ್ರ ಒಗೆದು ತಾ.”

ರೇವಣ ಹೊಳೆಗಿಳಿದ. ಸಾಬೂನು ಹಚ್ಚಿದ, ಕಲ್ಲಿಗೆ ಬಡಿದ, ಮರಳಲ್ಲಿ ತಿಕ್ಕಿದ. ಕಪ್ಪು ಬೂದಿ ಬಣ್ಣಕ್ಕೆ ಇಳಿಯಿತೇ ಹೊರತು ಹೋಗಲಿಲ್ಲ. ತಿಕ್ಕುತ್ತಿರುವಾಗ ಅವನಿಗೆ ಗೌಡನ ಮಾತು ಮತ್ತೆ ಮತ್ತೆ ಕೇಳಿಸುತ್ತಿತ್ತು. ಗಾಡಿ ಎಷ್ಟು ಶಾಂತ ಐತಿ.

ಹಿಂದಿರುಗುವಾಗ ಅವನು ಗಂಗವ್ವನ ಕೋಣೆಗೆ ಹೋದ. ಅವಳನ್ನು ಅಲ್ಲಿಗೆ ಸಾಗಿಸಿದ ಮೇಲೆ ಅವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅವಳು ಗೋಡೆಗೊರಗಿ ಕೂತಿದ್ದಳು. ತುಟಿ ಇನ್ನೂ ನೀಲಿಗಟ್ಟಿತ್ತು.

“ಗಾಡಿ ಬಂತೇನ, ತಮ್ಮಾ?”

“ಅದು ಬ್ಯಾಡವ್ವ. ಬ್ಯಾರೆ ನೋಡ್ತೀವಿ.”

“ಅವಸರ ಏನಿಲ್ಲ ಬಿಡು. ನನಗ ಇಲ್ಲೇ ಆರಾಮ ಐತಿ.” ಅವಳು ಉಸಿರಿಗಾಗಿ ನಿಂತಳು. “ನಿನ್ನ ಧ್ಯಾನ ಈಗ ಕೆಡೂದಿಲ್ಲ ಹೌದಿಲ್ಲೋ?”

ಧ್ಯಾನದ ವಿಷಯ ರೇವಣ ಅವಳಿಗೆ ಹೇಳಿಯೇ ಇರಲಿಲ್ಲ. ಬಿಸಿಲು ಎಂದಷ್ಟೇ ಹೇಳಿದ್ದ. ಅವನು ಕೋಣೆಯ ಸುತ್ತ ನೋಡಿದ. ಕೊಟ್ಟಿಗೆಯ ತಗಡಿನ ಮಾಡು ಕಿಟಕಿಗೆ ಅಡ್ಡವಾಗಿತ್ತು. ಆ ನೆಲದ ಮೇಲೆ ಬಿಸಿಲು ಎಂದೂ ಬಿದ್ದಿರಲಿಲ್ಲ, ಬೀಳುವಂತೆಯೂ ಇರಲಿಲ್ಲ.

ಅವನು ಹೊರಬಂದು ಗೋಡೆಗೆ ಹಣೆಯಿಟ್ಟು ನಿಂತ. ನಾಚಿಕೆ ಎಂಬುದು ಹೀಗೆ ಸುಡುತ್ತದೆ ಎಂಬುದನ್ನು ಅವನು ಮರೆತೇ ಬಿಟ್ಟಿದ್ದ.

ಸಂಜೆ ದೀಪ ಹಚ್ಚಿದರು. ಅಜ್ಜನ ಹೆಗಲ ಮೇಲೆ ಅದೇ ವಸ್ತ್ರ, ತುದಿಯ ಕಲೆ ಹಾಗೇ ಕಾಣುತ್ತಿತ್ತು. ಒಬ್ಬೊಬ್ಬರಾಗಿ ಕಸ ಒಪ್ಪಿಸಿದರು. ಒಬ್ಬ ಹಾಲು ಕದ್ದು ಕುಡಿದಿದ್ದ. ಇನ್ನೊಬ್ಬ ಇಡೀ ದಿನ ಮನೆಯವರ ಮೇಲಿನ ಸಿಟ್ಟಿನಲ್ಲೇ ಕಳೆದಿದ್ದ.

ರೇವಣನ ಸರದಿ ಬಂತು. ಅವನು ರೂಢಿಯಂತೆ ಕಣ್ಣು ಮುಚ್ಚಿದ. “ಇವತ್ತ ನಂದು” ಎನ್ನುವ ತನಕ ಮಾತು ತಾನಾಗೇ ಬಂತು, ಮುಂದೆ ಬರಲಿಲ್ಲ. ಅವನು ಕಣ್ಣು ತೆರೆದ.

“ಇವತ್ತಿಂದಲ್ರಿ, ಅಜ್ಜಾರ. ಬಾಳ ದಿನದ್ದು. ಗಂಗವ್ವನ ಕೆಮ್ಮು ನನಗ ಬ್ಯಾಡಾಗಿತ್ತು. ಬಿಸಿಲು ಬೀಳತೈತಿ ಅಂತ ಸುಳ್ಳು ಹೇಳಿ ಆಕೀನ ಕೊಟ್ಟಿಗಿ ಕಡೆ ಹಾಕಿಸಿದೆ. ಗಾಡಿ ಬರತಾವ, ಹೊಗಿ ತಾಗತೈತಿ ಅನ್ನೋದು ಗೊತ್ತಿತ್ತು. ಆದರ ಒಳಗ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ ಅಂತ ನಾ ಶುದ್ಧ ಅದೀನಿ ಅಂದುಕೊಂಡಿದ್ದೆ.”

ಹಿಂದಿನ ಕೋಣೆಯಿಂದ ಕೆಮ್ಮು ಸಣ್ಣಗೆ ಕೇಳಿಸುತ್ತಿತ್ತು. ಅದು ದಿನಾ ಹೀಗೆ ಕೇಳಿಸುತ್ತಿತ್ತು, ರೇವಣನಿಗೆ ಮಾತ್ರ ಅಂದೇ ಕೇಳಿಸಿತು. ಅವನು ತಲೆ ತಗ್ಗಿಸಿ ಕೂತ.

ಕೊನೆಗೆ ಅಜ್ಜನ ಸರದಿ.

“ಇವ ಆಕಿ ಹೊರಸು ಎತ್ತಿಸಿದ ದಿನ ನಾ ನೋಡಿದ್ದೆ,” ಎಂದರು ಅಜ್ಜ. “ಇವನ ಬಾಯಿಂದನ ಬರಲಿ ಅಂತ ಕಾದೆ. ಕಲಿಸಬೇಕು ಅನ್ನೋ ಹುಮ್ಮಸ್ಸು. ನಾ ಕಾದಷ್ಟು ದಿನ ಹೊಗಿ ಕುಡಿದಾಕಿ ಗಂಗವ್ವ. ಇದು ನನ್ನ ಕಸ.”

ರೇವಣ ತಲೆ ಎತ್ತಿ ಗುರುಗಳನ್ನು ನೋಡಿದ. ಅವರ ಕಣ್ಣು ಒದ್ದೆಯಾಗಿತ್ತು.

ಅಜ್ಜ ನೆಲಕ್ಕೆ ಕೈಯೂರಿ ಎದ್ದು ನಿಂತರು.

“ದೀಪ ಹತ್ತಿದ್ದಷ್ಟ ಆತು, ತಮ್ಮಾ. ಆರೂದು ಇನ್ನೂ ಬಾಕಿ ಐತಿ. ಏಳು, ಹೊರಸಿನ ಒಂದು ಕಡೆ ನಾ ಹಿಡೀತೀನಿ.”