ಕೋವಿಗೆ ಹೊಸ ಮರ

ಕೊಡಗಿನ ಒಂದು ಹೊಳೆಯ ದಂಡೆಯಲ್ಲಿ ಹೆಂಚು ಹೊದಿಸಿದ ಚಿಕ್ಕ ಆಶ್ರಮವಿತ್ತು. ಅಲ್ಲಿನ ಗುರುಗಳು ಸನ್ಯಾಸಕ್ಕೆ ಮೊದಲು ಸೈನ್ಯದಲ್ಲಿ ಕೋವಿಗಳ ದುರಸ್ತಿ ಮಾಡುತ್ತಿದ್ದವರು. ಕಾವಿ ಉಟ್ಟ ಮೇಲೂ ಉಳಿ, ಅರ ಬಿಟ್ಟಿರಲಿಲ್ಲ. ಊರವರು ಅವರನ್ನು ಕೋವಿಸ್ವಾಮಿ ಅನ್ನುತ್ತಿದ್ದರು. ಹಾಗೆ ಕರೆದರೆ ಅವರು ನಗುತ್ತಿದ್ದರು.

ಹವಾಲ್ದಾರನಾಗಿ ನಿವೃತ್ತನಾಗಿ ಬಂದ ಬಿದ್ದಪ್ಪ ಅವರ ಶಿಷ್ಯನಾದ.

ಮೊದಲ ದಿನ ಗುರುಗಳು ಕೇಳಿದ್ದರು: “ಏನಾಗಬೇಕು?”

“ನಾನು ಊರಿಗೆ ಬಂದೆ, ಗುರುಗಳೇ. ಮನಸ್ಸು ಬಂದಿಲ್ಲ.”

“ಎಲ್ಲಿ ಉಳಿದಿದೆ?”

“ಗಡಿಯಲ್ಲಿ. ಹಿಮದಲ್ಲಿ. ಬೆಳಿಗ್ಗೆ ಏಳುವಾಗಲೇ ಕೈ ಕೋವಿಯನ್ನು ಹುಡುಕುತ್ತದೆ. ಹೆಂಡತಿ ಕಾಫಿ ಲೋಟ ಕೊಡುತ್ತಾಳೆ.”

“ಕಾಫಿ ಹೇಗಿರುತ್ತದೆ?”

ಬಿದ್ದಪ್ಪ ಯೋಚಿಸಿದ. ನೆನಪಾಗಲಿಲ್ಲ.

“ಸರಿ, ಅಂಗಳ ಗುಡಿಸು,” ಎಂದರು ಗುರುಗಳು.

ಹಾಗೆ ಗುಡಿಸುತ್ತ, ನೀರು ಹೊರುತ್ತ, ಸಂಜೆ ದೀಪ ಹಚ್ಚುತ್ತ, ಅವನು ಮರದ ಕೆಲಸವನ್ನೂ ಅಷ್ಟಿಷ್ಟು ಕಲಿತ.

ಕೈಲ್ ಮುಹೂರ್ತ ಹತ್ತಿರ ಬಂತು. ಅದು ಆಯುಧಪೂಜೆಯ ಹಬ್ಬ. ಅಂದು ಮನೆಮನೆಯಲ್ಲೂ ದೇವರ ದೀಪದ ಮುಂದೆ ಕೋವಿಯಿಟ್ಟು, ಅದಕ್ಕೆ ಕಾಡಿನ ಹೂ ಮುಡಿಸುತ್ತಾರೆ. ಪೂಜೆಯಾದ ಮೇಲೆ ಊರವರೆಲ್ಲ ಮೈದಾನದಲ್ಲಿ ಸೇರಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಗಂಡಸರೂ ಹೊಡೆಯುತ್ತಾರೆ, ಹೆಂಗಸರೂ ಹೊಡೆಯುತ್ತಾರೆ.

ಬಿದ್ದಪ್ಪ ತನ್ನ ತೀರಿಹೋದ ತಂದೆಯ ಕೋವಿಯನ್ನು ಗೋಣಿಯಲ್ಲಿ ಸುತ್ತಿ ತಂದ. ಪಾಯಿಂಟ್ ಟೂ ಟೂ ಅಳತೆಯದು. ಕಿರುಬೆರಳಿಗಿಂತ ಸಣ್ಣ ತೋಟಾ. ಅದರ ಅಂಚಿಗೆ ಪೆಟ್ಟು ಬಿದ್ದರೆ ಗುಂಡು ಹಾರುತ್ತದೆ. ಅಟ್ಟದಿಂದ ಬಿದ್ದು ಕೋವಿಯ ಮರ, ಅಂದರೆ ನಳಿಗೆಯನ್ನು ಹೊತ್ತು ಹೆಗಲಿಗೆ ಒರಗುವ ಭಾಗ, ಉದ್ದಕ್ಕೂ ಸೀಳಿತ್ತು. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ.

“ಇದರಲ್ಲಿ ಯಾರು ಹೊಡೆಯುವುದು?” ಗುರುಗಳು ಕೇಳಿದರು.

“ಮಗಳು ದೇಚಮ್ಮ. ನಾನು ಗಡಿಯಲ್ಲಿದ್ದಾಗ ನನ್ನ ಅಪ್ಪ ಅವಳಿಗೆ ಇದರಲ್ಲೇ ಕಲಿಸಿದರು. ಅವರು ಹೋದ ಮೇಲೆ ನಮ್ಮ ಮನೆಯಿಂದ ಯಾರೂ ಕಾಯಿಗೆ ಹೊಡೆದಿಲ್ಲ. ಈ ಸಲ ತಾನು ನಿಲ್ಲುತ್ತೇನೆ ಅಂದಿದ್ದಾಳೆ. ‘ಹಬ್ಬಕ್ಕೆ ಮುಂಚೆ ಕೊಡ್ತೀಯಾ ಅಪ್ಪ?’ ಅಂತ ದಿನಾ ಕೇಳುತ್ತಾಳೆ.”

“ಹಾಗಾದರೆ ಈ ಹಳೆಯದರ ಹಾಗೇ ಹೊಸ ಮರ ಮಾಡು.”

“ಇಲ್ಲ, ಗುರುಗಳೇ. ಸೈನ್ಯದ ಕೋವಿಗೆ ಇರುತ್ತದಲ್ಲ, ಅಂಥ ಮರ ಮಾಡುತ್ತೇನೆ. ನಳಿಗೆಯ ಕೆಳಗೆ ತುದಿಯ ತನಕ ಹೋಗುವ ಉದ್ದನೆಯ ಮರ. ಹೆಗಲಿಗೆ ಒರಗುವ ಕಡೆ ಹಿತ್ತಾಳೆ ತಗಡು. ತೊಗಲಿನ ಪಟ್ಟಿಗೆ ಕೊಂಡಿ. ಅಂಥದ್ದು ಹಿಡಿದರೆ ಹೇಗಿರುತ್ತದೆ ಅಂತ ಅವಳಿಗೂ ಗೊತ್ತಾಗಲಿ.”

ಗುರುಗಳು ಅವನ ಮುಖ ನೋಡಿದರು. ಆಮೇಲೆ ಮೂಲೆಯಲ್ಲಿ ಒಣಗಲಿಟ್ಟಿದ್ದ ಹೊನ್ನೆ ಮರದ ದಿಮ್ಮಿ ತೋರಿಸಿದರು.

ಬಿದ್ದಪ್ಪ ಕೊಯ್ದ, ಕೆತ್ತಿದ. ಹೊರಗಿನ ಆಕಾರ ಅವನ ಕೈಗೆ ತಾನಾಗಿ ಬಂತು. ಕಷ್ಟವಾದದ್ದು ಕಬ್ಬಿಣ ಕೂರುವ ಒಳಗಿನ ಹಾಸು. ಕಬ್ಬಿಣವನ್ನು ಇಟ್ಟರೆ ಒಂದು ಕಡೆ ಏಳುತ್ತಿತ್ತು, ಇನ್ನೊಂದು ಕಡೆ ಅಲುಗುತ್ತಿತ್ತು. ಅವನು ಅಂದಾಜಿನ ಮೇಲೆ ಉಳಿ ಹಾಕಿದ. ಅಲುಗಾಟ ಇನ್ನೂ ಹೆಚ್ಚಿತು.

“ಅಲ್ಲಿ ಯಾಕೆ ಕೆರೆದೆ?”

“ಅಲ್ಲೇ ತಾಗುತ್ತಿದೆ ಅಂದುಕೊಂಡೆ, ಗುರುಗಳೇ.”

“ಕಬ್ಬಿಣವನ್ನು ಕೇಳಿದೆಯಾ?”

ಗುರುಗಳು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಬ್ಬಿಣಕ್ಕೆ ತೆಳ್ಳಗೆ ಸವರಿದರು. ಅದನ್ನು ಮರದೊಳಗೆ ಮೆಲ್ಲಗೆ ಕೂರಿಸಿ, ಎತ್ತಿದರು. ಮರದಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಮೂಡಿತ್ತು.

“ಕಪ್ಪು ಇದ್ದಲ್ಲಿ ಮಾತ್ರ ಕೆರೆ. ಮತ್ತೆ ಮಸಿ ಹಚ್ಚು. ಮತ್ತೆ ಇಟ್ಟು ನೋಡು.”

“ಎಷ್ಟು ಸಲ?”

“ಕೂರುವ ತನಕ. ನಿನಗೆ ರೈಲು ಹಿಡಿಯುವುದಿದೆಯಾ?”

ಬಿದ್ದಪ್ಪ ನಕ್ಕ. ಕೆರೆದ, ಹಚ್ಚಿದ, ಇಟ್ಟು ನೋಡಿದ. ಅವನ ಬೆರಳುಗಳು ಕಪ್ಪಾದವು, ಪಂಚೆ ಕಪ್ಪಾಯಿತು. ಕೊನೆಗೊಂದು ದಿನ ಕಬ್ಬಿಣ ಸದ್ದಿಲ್ಲದೆ ಮರದೊಳಗೆ ಇಳಿದು ಕೂತಿತು.

ಮರಕ್ಕೆ ಅಗಸೆ ಎಣ್ಣೆ ತಿಕ್ಕಿದ ದಿನ ಆ ವಾಸನೆ ಆಶ್ರಮದ ತುಂಬ ಹರಡಿತು. ಬಿದ್ದಪ್ಪನ ಕೈ ನಿಂತಿತು.

“ಯಾವ ಊರು ಬಂತು?” ಕಣ್ಣು ಮುಚ್ಚಿಕೊಂಡೇ ಗುರುಗಳು ಕೇಳಿದರು.

“ಮೊದಲ ಪೋಸ್ಟಿಂಗು, ಗುರುಗಳೇ. ಭಾನುವಾರ ಬಿಸಿಲಿಗೆ ಕೂತು ಎಲ್ಲರೂ ಕೋವಿಗೆ ಎಣ್ಣೆ ತಿಕ್ಕುತ್ತಿದ್ದೆವು. ಒಬ್ಬ ಹಾಡುತ್ತಿದ್ದ. ಬಲು ಕೆಟ್ಟದಾಗಿ ಹಾಡುತ್ತಿದ್ದ.”

“ನಮ್ಮಲ್ಲೂ ಒಬ್ಬನಿದ್ದ.”

“ಅವನನ್ನು ಸುಮ್ಮನಿರಿಸುವುದಕ್ಕೆ ನಾವು ಪಟ್ಟ ಪಾಡು!”

“ಹೂಂ. ಈಗ ಎಲ್ಲಿದ್ದಾನೋ.”

ಬಿದ್ದಪ್ಪ ಮತ್ತೆ ಎಣ್ಣೆ ತಿಕ್ಕತೊಡಗಿದ. ಹೊಳೆ ಹರಿಯುವುದು ಕೇಳಿಸುತ್ತಿತ್ತು.

ಮಾರನೆಯ ದಿನ ಗುರುಗಳು ಸ್ನಾನಕ್ಕೆ ಇಳಿದಾಗ ಬಿದ್ದಪ್ಪ ಕೋವಿಯನ್ನು ಹೆಗಲಿಗಿಟ್ಟು ನೋಡಿದ. ಆಕಾರ ಅದೇ, ಬಣ್ಣ ಅದೇ, ವಾಸನೆಯೂ ಅದೇ. ಆದರೆ ಹೆಗಲು ಒಪ್ಪಲಿಲ್ಲ. ಹಗುರವಾಯಿತು. ಅವನು ಹಿತ್ತಾಳೆ ತಗಡಿನ ತಿರುಪು ಬಿಚ್ಚಿ, ಮರದೊಳಗೆ ತೂತು ಕೊರೆದು, ಸೀಸದ ತುಂಡುಗಳನ್ನು ತುಂಬಿದ. ಅಲುಗದಂತೆ ಮೇಣ ಮೆತ್ತಿದ. ತಗಡು ಮುಚ್ಚಿ ಮತ್ತೆ ಎತ್ತಿದ.

ಈಗ ಅದೇ ಭಾರ. ಬಿದ್ದಪ್ಪನ ಕಣ್ಣು ತುಂಬಿತು.

ಹಬ್ಬದ ಹಿಂದಿನ ದಿನ ದೇಚಮ್ಮ ಬಂದಳು. ಕಾಲೇಜಿಗೆ ಹೋಗುವ ಹುಡುಗಿ, ತೆಳ್ಳಗಿದ್ದಳು. ಗುರುಗಳ ಕಾಲು ಮುಟ್ಟಿ ನಮಸ್ಕರಿಸಿದಳು.

“ಅಜ್ಜ, ಕೋವಿ ಆಯ್ತಾ? ಅಪ್ಪ ನನಗೆ ಮುಟ್ಟುವುದಕ್ಕೂ ಬಿಟ್ಟಿಲ್ಲ.”

“ಆಗಿದೆ. ಖಾಲಿ ಇದೆಯಾ ನೋಡಿಕೋ. ಹಿಡಿ.”

ಅವಳು ಕೋವಿಯನ್ನು ತೆರೆದು ನೋಡಿ, ಖಾಲಿಯಿದೆ ಎಂದು ಖಾತ್ರಿಯಾದ ಮೇಲೆ ಹೊಳೆಯಾಚೆಯ ದಿಬ್ಬದ ಕಡೆ ಗುರಿ ಹಿಡಿದಳು. ಸೊಂಟ ಹಿಂದಕ್ಕೆ ಬಾಗಿತು. ಕತ್ತು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿತು.

“ಎದೆ ಮುಂದೆ!” ಬಿದ್ದಪ್ಪ ಹವಾಲ್ದಾರನ ದನಿಯಲ್ಲಿ ಕೂಗಿದ. “ಹೆಗಲಿಗೆ ಒತ್ತು! ನಳಿಗೆ ಯಾಕೆ ನಡುಗುತ್ತೆ?”

“ಅಪ್ಪ, ನಾನೇನು ಪರೇಡಿಗೆ ಬಂದಿದ್ದೀನಾ?”

“ಮಾತು ಬೇಡ. ಕೆನ್ನೆ ಊರು!”

ಅವಳು ಇನ್ನೊಮ್ಮೆ ಪ್ರಯತ್ನಿಸಿದಳು. ತೋಳು ಸೋತು ಇಳಿಯಿತು. ತಂದೆಯ ಮುಖ ನೋಡಿ ನಗೆ ತಂದುಕೊಂಡಳು.

“ಚೆನ್ನಾಗಿದೆ ಅಪ್ಪ. ಬಹಳ ಚೆನ್ನಾಗಿದೆ. ಈ ಸಲ ನೀನೇ ಹೊಡಿ. ನಾನು ಮುಂದಿನ ವರ್ಷ ನಿಲ್ತೀನಿ.”

ಬಿದ್ದಪ್ಪ ಗುರುಗಳ ಕಡೆ ತಿರುಗಿದ. “ನನ್ನ ಅಪ್ಪ ಅವಳಿಗೆ ಸರಿಯಾಗಿ ಕಲಿಸಿಲ್ಲ ಅಂತ ಕಾಣುತ್ತೆ, ಗುರುಗಳೇ.”

“ಇಲ್ಲಿ ನಿಂತಿರುವುದು ಯಾರು, ಬಿದ್ದಪ್ಪ?”

“ನನ್ನ ಮಗಳು.”

“ಕೋವಿಗೆ ಅದು ಗೊತ್ತಾದ ಹಾಗಿಲ್ಲ.”

ಗುರುಗಳು ಮಸಿ ಕಲಸಿಟ್ಟಿದ್ದ ಕರಟ ತಂದರು. ಕೆನ್ನೆ ತಾಗಬೇಕಾದ ಕಡೆ ಮರಕ್ಕೆ ಸವರಿದರು. ಹೆಗಲಿಗೆ ಒರಗುವ ಹಿತ್ತಾಳೆ ತಗಡಿಗೂ ಸವರಿದರು.

“ಅಯ್ಯೋ ಅಜ್ಜ, ಬಟ್ಟೆ!” ಎಂದಳು ದೇಚಮ್ಮ.

“ನಿನ್ನ ಅಪ್ಪ ಒಗೆದುಕೊಡುತ್ತಾನೆ. ಇನ್ನೊಮ್ಮೆ ಹಿಡಿ, ಮಗು.”

ಅವಳು ಹಿಡಿದಳು. ಇಳಿಸಿದಳು.

“ಹೋಗಿ ನೋಡು,” ಎಂದರು ಗುರುಗಳು ಶಿಷ್ಯನಿಗೆ.

ಬಿದ್ದಪ್ಪ ಮಗಳ ಎದುರು ಬಂದು ನಿಂತ. ಊರಿಗೆ ಬಂದ ಮೇಲೆ ಅವನು ಅವಳನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಸಿ ಗದ್ದದ ತುದಿಗೆ ಹತ್ತಿತ್ತು. ಕೆನ್ನೆಗೆ ತಾಗಿಯೇ ಇರಲಿಲ್ಲ. ತಗಡಿನ ಗುರುತು ಹೆಗಲಿನ ಕುಳಿಯಲ್ಲಿರಲಿಲ್ಲ, ತೋಳಿನ ಮೇಲಿತ್ತು. ಹುಬ್ಬಿನ ಪಕ್ಕದಲ್ಲಿ ಸಣ್ಣದೊಂದು ಮಚ್ಚೆಯಿತ್ತು. ಅವನ ತಾಯಿಗೂ ಅಲ್ಲೇ ಇತ್ತು.

“ಯಾರ ಕೈ ಅಳತೆ ಹಿಡಿದೆ?” ಗುರುಗಳು ಕೇಳಿದರು.

“ನನ್ನದು. ಅವಳಿಗೆ ಉದ್ದವಾಯಿತು.”

“ಹಿಂದುಗಡೆ ಏನಿಟ್ಟಿದ್ದೀಯ?”

ಬಿದ್ದಪ್ಪ ತಲೆ ತಗ್ಗಿಸಿದ. “ಸೀಸ.”

“ಯಾಕೆ?”

“ಆ ಭಾರ ಇಲ್ಲದೆ ಹೆಗಲಿಗೆ ಅದು ಸೈನ್ಯದ ಕೋವಿ ಅನ್ನಿಸಲಿಲ್ಲ, ಗುರುಗಳೇ.”

ದೇಚಮ್ಮ ತಂದೆಯನ್ನು ನೋಡಿದಳು.

ಗುರುಗಳು ಒಳಗೆ ಹೋಗಿ ಗರಗಸ ತಂದು ಅವನ ಕೈಗೆ ಕೊಟ್ಟರು.

ಬಿದ್ದಪ್ಪ ಗರಗಸ ಹಿಡಿದು ನಿಂತೇ ಇದ್ದ. “ಒಮ್ಮೆ ಕೊಯ್ದರೆ ಮತ್ತೆ ಅದು ಆ ಕೋವಿ ಆಗುವುದಿಲ್ಲ, ಗುರುಗಳೇ.”

ಗುರುಗಳು ಚಾಪೆಯ ಮೇಲೆ ಕೂತು ಜಪಮಣಿ ಹಿಡಿದರು.

ಬಿಸಿಲು ಹೊಳೆಯಾಚೆ ಸರಿಯಿತು.

“ದೇಚು, ಬಾ ಇಲ್ಲಿ,” ಎಂದ ಬಿದ್ದಪ್ಪ. “ಮೊಣಕೈ ಮಡಚು. ಬೆರಳು ಚಾಚು.”

ಮೊಣಕೈಯ ಮಡಿಕೆಯಿಂದ ತೋರುಬೆರಳಿನ ತನಕ ದಾರ ಹಿಡಿದು ಅಳತೆ ತೆಗೆದ. ಆ ದಾರವನ್ನು ಟ್ರಿಗರ್‌ನಿಂದ ಹಿಂದಕ್ಕೆ ಮರದ ಮೇಲಿಟ್ಟು, ಅದು ಮುಗಿದಲ್ಲಿ ಗೆರೆ ಎಳೆದ. ತಗಡು ಬಿಚ್ಚಿದ. ಮೇಣ ಕೆರೆದು ಸೀಸವನ್ನೆಲ್ಲ ಹೊರಗೆ ಸುರಿದ. ಗೆರೆಯ ಮೇಲೆ ಗರಗಸವಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದ. “ಕಾವೇರಮ್ಮಾ,” ಅಂದ. ಕೊಯ್ದ.

ಹೊನ್ನೆ ಮರದ ತುಂಡು ನೆಲಕ್ಕೆ ಬಿತ್ತು.

ತಗಡನ್ನು ತಿರುಗಿ ಹೊಂದಿಸಿ ಕೋವಿಯನ್ನು ಮಗಳಿಗೆ ಕೊಟ್ಟ. ಅವಳು ಎತ್ತಿದಳು. ಕೆನ್ನೆ ಮರಕ್ಕೆ ತಾನಾಗಿ ಒರಗಿತು. ನಳಿಗೆ ದಿಬ್ಬದ ಕಡೆ ನೆಟ್ಟಗೆ ನಿಂತಿತು, ಅಲುಗಲಿಲ್ಲ.

“ಅಪ್ಪ,” ಎಂದಳು ಅವಳು, ಕಣ್ಣು ತೆಗೆಯದೆ, “ನಾಳೆ ಕಾಯಿ ಒಡೆಯದಿದ್ದರೆ ನನ್ನನ್ನು ಬೈಯಬೇಕು, ಕೋವಿಯನ್ನಲ್ಲ.”

ಬಿದ್ದಪ್ಪ ತಲೆಯಾಡಿಸಿದ. ಬಗ್ಗಿ ಸೀಸದ ತುಂಡುಗಳನ್ನು ಒಂದೊಂದಾಗಿ ಆಯ್ದ. ಅಂಗೈ ತುಂಬಿ ಜಗ್ಗಿತು.

“ಇದನ್ನು ಏನು ಮಾಡಲಿ, ಗುರುಗಳೇ? ಹೊಳೆಗೆ ಎಸೆದುಬಿಡಲಾ?”

“ಮೀನುಗಳೇನು ಪಾಪ ಮಾಡಿವೆ?” ಎಂದರು ಗುರುಗಳು. “ಆ ಭಾರ ನಿನ್ನದು. ನಿನ್ನ ಜೇಬಿನಲ್ಲೇ ಇರಲಿ.”